ಕೋಟೆ ಗೋಡೆ ಪಕ್ಕದ ನಮ್ಮ ಮನೆ: ಕೆಡವಬೇಕೋ, ಉಳಿಸಿಕೊಳ್ಳಬೇಕೋ?

ಪ್ರಶ್ನೆ: ಸರ್, ಶ್ರೀರಂಗಪಟ್ಟಣದಲ್ಲಿ ನಮ್ಮ ತಾತ ಕಟ್ಟಿಸಿದ ಹೆಂಚಿನ ಮನೆ ಇದೆ. ಮಣ್ಣಿನ ಗೋಡೆ, ಮುಂದೆ ಜಗಲಿ. ಹಿತ್ತಲಲ್ಲಿ ನಿಂತರೆ ಕೋಟೆ ಗೋಡೆ ಕಾಣುತ್ತೆ. ಹೋದ ಮಳೆಗಾಲದಲ್ಲಿ ಹಿಂದಿನ ಗೋಡೆ ಉಬ್ಬಿಕೊಂಡಿತು, ಮಾಡು ಸೋರುತ್ತೆ. ಕೆಡವಿ ಆರ್‌ಸಿಸಿ ಮಹಡಿ ಮನೆ ಕಟ್ಟೋಣ ಅಂತಿದ್ದೆವು. ಇಂಜಿನಿಯರ್ ಒಬ್ಬರು ನೋಡಿ "ಇದು ಕೋಟೆಯಿಂದ 100 ಮೀಟರ್ ಒಳಗೆ ಬರುತ್ತೆ, ಒಂದು ಇಟ್ಟಿಗೆ ಇಡೋ ಹಾಗಿಲ್ಲ" ಅಂದರು. ಮೇಸ್ತ್ರಿ ಮಾತ್ರ "ಶನಿವಾರ ಭಾನುವಾರದಲ್ಲಿ ಗೋಡೆ ಎಬ್ಬಿಸಿಬಿಡ್ತೀನಿ, ಯಾರು ಕೇಳ್ತಾರೆ" ಅಂತಾನೆ. ಎದುರು ಬೀದಿಯಲ್ಲಿ ಮೂರಂತಸ್ತು ಎದ್ದು ನಿಂತಿದೆ. ತಮ್ಮ ತನ್ನ ಪಾಲು ಮಾರಬೇಕು ಅಂತಾನೆ. ಬ್ಯಾಂಕಿನವರು ಸಾಲ ಬೇಕಿದ್ದರೆ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ತನ್ನಿ ಅಂದರು. ಅಮ್ಮನಿಗೆ 74 ವರ್ಷ, ರಾತ್ರಿ ಹೊತ್ತು ಹಿತ್ತಲಿನ ಶೌಚಾಲಯಕ್ಕೆ ನಡೆಯೋದು ಕಷ್ಟ. ಹಂಪಿಯಲ್ಲಿ ಮಾಡಿದ ಹಾಗೆ ನಮ್ಮನ್ನೂ ಎಬ್ಬಿಸ್ತಾರಾ? ಏನು ಮಾಡಬೇಕು?

ಉತ್ತರ: ನಿಮ್ಮ ಪತ್ರ ಓದಿದ ಮೇಲೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ, ಉಳಿದದ್ದು ಆಮೇಲೆ. ಆ ಉಬ್ಬಿದ ಗೋಡೆಯನ್ನು ಸದ್ಯಕ್ಕೆ ಯಾರೂ ಮುಟ್ಟಬೇಡಿ. ಮೇಸ್ತ್ರಿಯಂತೂ ಬೇಡವೇ ಬೇಡ. ಯಾಕೆ ಅಂದರೆ ನಿಮ್ಮ ಜಾಗ ನಿಜವಾಗಿ 100 ಮೀಟರ್ ಒಳಗಿದ್ದರೆ, ಅಲ್ಲಿ ಮನೆ ಇಟ್ಟುಕೊಳ್ಳುವ ಅವಕಾಶ ಉಳಿದಿರೋದು ಆ ಹಳೇ ಗೋಡೆಗಳ ದೆಸೆಯಿಂದಲೇ. ಗೋಡೆ ನಿಂತಿರುವ ತನಕ ನೀವು ದುರಸ್ತಿ ಕೇಳಬಹುದು. ಕೆಡವಿ ನೆಲಸಮ ಮಾಡಿದಿರೋ, ನಿಮ್ಮ ಕೈಯಲ್ಲಿ ಉಳಿಯೋದು ಖಾಲಿ ಸೈಟು, ಆ ಸೈಟಿನಲ್ಲಿ ಏನೂ ಕಟ್ಟುವ ಹಾಗಿಲ್ಲ. ಇದು ಗೊತ್ತಿಲ್ಲದೆ ಒಳ್ಳೆ ಮನಸ್ಸಿನಿಂದಲೇ ಮನೆ ಕೆಡವಿ, ಆಮೇಲೆ ಎನ್‌ಒಸಿಗೆ ಅಂತ ಬಂದವರನ್ನು ನಾನು ನೋಡಿದ್ದೇನೆ. ಅವರಿಗೆ ಹೇಳೋಕೆ ನನ್ನ ಹತ್ತಿರ ಏನೂ ಇರುವುದಿಲ್ಲ.

ಈಗ ನಿಮ್ಮ ಭಯಕ್ಕೆ ಬರೋಣ. ಮನೆ ಸರ್ಕಾರಕ್ಕೆ ಹೋಗುತ್ತಾ? ಇಲ್ಲ. ಸ್ಮಾರಕದ ಸುತ್ತಲಿನ 100 ಮೀಟರನ್ನು ನಿಷೇಧಿತ ಪ್ರದೇಶ ಅಂತ ಕರೆಯುತ್ತಾರೆ, ಹೆಸರೇ ಹೆದರಿಸುವ ಹಾಗಿದೆ ಅಲ್ವಾ. ಆದರೆ ಅಲ್ಲಿ ನಿಷೇಧ ಇರೋದು ಹೊಸ ಕಟ್ಟಡಕ್ಕೆ. ಮನೆಯ ಒಡೆತನಕ್ಕಲ್ಲ, ವಾಸಕ್ಕಲ್ಲ. ಖಾತೆ ನಿಮ್ಮದೇ, ಕಂದಾಯ ಕಟ್ಟೋದು ನೀವೇ, ಬಾಡಿಗೆಗೆ ಕೊಡಬಹುದು, ಮಕ್ಕಳಿಗೆ ಬರೆದುಕೊಡಬಹುದು.

ಹಂಪಿಯ ವಿಷಯ ಬೇರೆ. 2011ರಲ್ಲಿ ಹಂಪಿ ಬಜಾರಿನಲ್ಲಿ ಜನರನ್ನು ಎಬ್ಬಿಸಿದ್ದು ನಿಜ, ಅದು ನಡೆದ ರೀತಿಯ ಬಗ್ಗೆ ನನಗೂ ಬೇಸರ ಇದೆ. ಆದರೆ ಅಲ್ಲಿ ಮನೆ, ಅಂಗಡಿಗಳು ಇದ್ದದ್ದು ವಿರೂಪಾಕ್ಷ ದೇವಸ್ಥಾನದ ಮುಂದಿನ ಕಲ್ಲಿನ ಮಂಟಪಗಳ ಒಳಗೆ, ಅಂದರೆ ಸ್ಮಾರಕದ ಒಳಗೇ. 2020ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಹಂಪಿ ಹತ್ತಿರದ ವಿರೂಪಾಪುರ ಗಡ್ಡೆಯ ರೆಸಾರ್ಟುಗಳನ್ನು ತೆರವು ಮಾಡಿ ಅಂದದ್ದು, ಅವು ಅನುಮತಿ ಇಲ್ಲದೆ ಎದ್ದಿದ್ದಕ್ಕೆ. ನಿಮ್ಮದು ಸ್ಮಾರಕದ ಹೊರಗಿನ ಸ್ವಂತ ಮನೆ, ತಾತನ ಕಾಲದ್ದು. ಎರಡನ್ನೂ ಒಂದೇ ತಕ್ಕಡಿಯಲ್ಲಿ ಹಾಕಬೇಡಿ. ಇನ್ನು "ಯುನೆಸ್ಕೋ ಬಂದರೆ ಊರೇ ಖಾಲಿ" ಅನ್ನೋ ಮಾತು. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ಯುನೆಸ್ಕೋದ ವಿಶ್ವ ಪರಂಪರೆ ಪಟ್ಟಿಗೆ ಸೇರಿದಾಗಲೂ ಇದೇ ಮಾತು ಕೇಳಿಬಂತು. ಅಲ್ಲಿನ ಮನೆಯವರಿಗೆ 100 ಮೀಟರ್ ನಿಯಮ ಅದಕ್ಕೂ 31 ವರ್ಷ ಮೊದಲೇ ಬಂದಾಗಿತ್ತು, ಯಾರೂ ಹೇಳಿರಲಿಲ್ಲ ಅಷ್ಟೇ.

ಹಾಗಾದರೆ ಇಂಜಿನಿಯರ್ ಹೇಳಿದ್ದು ಸುಳ್ಳಾ? ಅರ್ಧ ನಿಜ. ಪೂರ್ತಿ ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಕೇಂದ್ರ ಸರ್ಕಾರ ರಕ್ಷಿಸುವ ಸ್ಮಾರಕಗಳಿಗೆ 1958ರ ಒಂದು ಕಾಯ್ದೆ ಇದೆ. 1992ರ ಜೂನ್ 16ರಂದು ಆ ಕಾಯ್ದೆಯಡಿ ಅಧಿಸೂಚನೆ ಬಂತು: ಸ್ಮಾರಕದ ಗಡಿಯಿಂದ 100 ಮೀಟರ್ ನಿಷೇಧಿತ, ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ. ಅಂದರೆ ಒಟ್ಟು 300 ಮೀಟರ್. ಆಮೇಲೂ ಕೆಲವು ವರ್ಷ ಒಂದು ತಜ್ಞರ ಸಮಿತಿಯ ಶಿಫಾರಸಿನ ಮೇಲೆ 100 ಮೀಟರ್ ಒಳಗೂ ಅಲ್ಲಿ ಇಲ್ಲಿ ಅನುಮತಿ ಕೊಡುತ್ತಿದ್ದರು. 2009ರಲ್ಲಿ ದೆಹಲಿ ಹೈಕೋರ್ಟ್ ಇದಕ್ಕೆ ಅಧಿಕಾರವೇ ಇಲ್ಲ ಅಂದಿತು. 2010ರಲ್ಲಿ ಕಾಯ್ದೆಗೇ ತಿದ್ದುಪಡಿ ತಂದು ಬಾಗಿಲು ಪೂರ್ತಿ ಮುಚ್ಚಿದರು. ಈಗ 100 ಮೀಟರ್ ಒಳಗೆ ಸರ್ಕಾರದ ರಸ್ತೆ, ಸೇತುವೆಗೂ ಹೊಸದಾಗಿ ಅನುಮತಿ ಇಲ್ಲ. ನಿಮಗೊಬ್ಬರಿಗೇ ಅನ್ಯಾಯ ಆಗಿದೆ ಅಂದುಕೊಳ್ಳಬೇಡಿ.

ಆದರೆ ಅದೇ ತಿದ್ದುಪಡಿಯಲ್ಲಿ ನಿಮ್ಮಂಥವರಿಗೆ ಒಂದು ಕಿಟಕಿ ಬಿಟ್ಟಿದ್ದಾರೆ. 1992ರ ಜೂನ್ 16ಕ್ಕೆ ಮೊದಲೇ ಇದ್ದ ಕಟ್ಟಡದ ಮಾಲೀಕರು ದುರಸ್ತಿಗೆ, ನವೀಕರಣಕ್ಕೆ ಅರ್ಜಿ ಹಾಕಬಹುದು. ಇಲ್ಲಿ ಒಂದೊಂದು ಪದಕ್ಕೂ ತೂಕ ಇದೆ. ದುರಸ್ತಿ, ನವೀಕರಣ ಅಂದರೆ ಇರುವ ಕಟ್ಟಡದಲ್ಲೇ ಮಾಡುವ ಬದಲಾವಣೆ. ಪುನರ್ ನಿರ್ಮಾಣ ಅಂದರೆ ಹಳೆಯದು ಎಷ್ಟು ಉದ್ದ, ಅಗಲ, ಎತ್ತರ ಇತ್ತೋ ಅಷ್ಟೇ ಅಳತೆಯಲ್ಲಿ ಮತ್ತೆ ಕಟ್ಟೋದು. "ಹಳೇ ಅಳತೆಯಲ್ಲೇ ಕಟ್ತೀನಲ್ಲ ಸ್ವಾಮಿ, ಒಂದಿಂಚೂ ಮುಂದೆ ಬರಲ್ಲ" ಅಂತ ಎಷ್ಟೋ ಜನ ಅಂಗಲಾಚುತ್ತಾರೆ. 100 ರಿಂದ 300 ಮೀಟರ್ ನಡುವೆ ಅದಕ್ಕೂ ಅರ್ಜಿ ಹಾಕಬಹುದು, ಹೊಸ ಮನೆಗೂ ಹಾಕಬಹುದು. 100ರ ಒಳಗೆ ದುರಸ್ತಿ, ನವೀಕರಣ ಮಾತ್ರ. ಇದು ಕಟು ನಿಯಮ. ಮಣ್ಣಿನ ಮನೆಯವರಿಗೆ ಇನ್ನೂ ಕಟು, ಯಾಕಂದರೆ ಕಲ್ಲಿನ ಮನೆ ಎಷ್ಟೋ ವರ್ಷ ನೋಡಿಕೊಳ್ಳದೆ ಬಿಟ್ಟರೂ ನಿಂತಿರುತ್ತೆ, ಮಣ್ಣಿನ ಗೋಡೆ ನಾಲ್ಕು ಮಳೆಗಾಲ ನೀರು ಕುಡಿದರೆ ಕೂತುಬಿಡುತ್ತೆ.

ಇಷ್ಟೆಲ್ಲ ಆದಮೇಲೂ ನನ್ನ ಮೊದಲ ಪ್ರಶ್ನೆ ಬೇರೆಯೇ. ನಿಮ್ಮ ಮನೆ 100 ಮೀಟರ್ ಒಳಗಿದೆ ಅಂತ ಅಳೆದವರು ಯಾರು? ಎಲ್ಲಿಂದ ಅಳೆದರು? ಹೆಚ್ಚಿನವರು ಗೋಪುರದಿಂದಲೋ ಮುಖ್ಯ ಬಾಗಿಲಿನಿಂದಲೋ ಕಣ್ಣಳತೆಯಲ್ಲಿ ಹೇಳಿಬಿಡುತ್ತಾರೆ. ಕಾಯ್ದೆಯ ಪ್ರಕಾರ ಅಳತೆ ಶುರುವಾಗೋದು ರಕ್ಷಿತ ಪ್ರದೇಶದ ಗಡಿಯಿಂದ. ಆ ಗಡಿ ಗೆಜೆಟ್ ಅಧಿಸೂಚನೆಯಲ್ಲಿ ಸರ್ವೆ ನಂಬರ್, ಚಕ್ಕುಬಂದಿ ಸಮೇತ ಇರುತ್ತೆ, ಈಗ ಕಾಣುವ ತಂತಿ ಬೇಲಿಯೇ ಗಡಿ ಆಗಿರಬೇಕು ಅಂತೇನಿಲ್ಲ. ನಿಮ್ಮೂರಲ್ಲಿ ಇದು ಇನ್ನೂ ಗೋಜಲು. ಒಂದೇ ಸ್ಮಾರಕ ಇದ್ದರೆ ಸುತ್ತ ಒಂದು ವೃತ್ತ ಎಳೆದು ಮುಗಿಸಬಹುದು. ಒಂದು ಬಿಂದುವಿನ ಸುತ್ತ 100 ಮೀಟರ್ ಎಳೆದರೆ ಏಳೂಮುಕ್ಕಾಲು ಎಕರೆ, 300 ಎಳೆದರೆ ಸುಮಾರು 70 ಎಕರೆ ಆಗುತ್ತೆ. ಶ್ರೀರಂಗಪಟ್ಟಣದಲ್ಲಿ ರಂಗನಾಥಸ್ವಾಮಿ ದೇವಸ್ಥಾನ, ಜಾಮಿಯಾ ಮಸೀದಿ, ಟಿಪ್ಪುವಿನ ದೇಹ ಸಿಕ್ಕ ಜಾಗ, ಬಂದೀಖಾನೆ ಎಲ್ಲವೂ ರಕ್ಷಿತ. ಅದರ ಜೊತೆಗೆ 1799ರಲ್ಲಿ ಇಂಗ್ಲಿಷರು ಒಡೆದು ನುಗ್ಗಿದ ಜಾಗದ ಹತ್ತಿರದ ಕೋಟೆ ಗೋಡೆಯೂ ರಕ್ಷಿತ. ಗೋಡೆ ಅಂದರೆ ಒಂದು ಬಿಂದು ಅಲ್ಲ, ಗೆರೆ. ಅದರ ಉದ್ದಕ್ಕೂ 100 ಮೀಟರ್ ಪಟ್ಟಿ ಓಡುತ್ತೆ. ವೃತ್ತದ ಮೇಲೆ ವೃತ್ತ ಬಿದ್ದು, ಎಷ್ಟೋ ಮನೆಗಳು ಒಂದರಿಂದ ತಪ್ಪಿಸಿಕೊಂಡರೆ ಇನ್ನೊಂದರೊಳಗೆ ಇರುತ್ತವೆ. ಇನ್ನೊಂದು ಕಡೆ, ಕಣ್ಣಿಗೆ ಕಾಣುವ ಹಳೇ ಗೋಡೆಯ ಒಂದೊಂದು ತುಂಡೂ ರಕ್ಷಿತವೇ ಅಂತಲೂ ತಿಳಿಯಬೇಡಿ. ಕಾಗದ ನೋಡಬೇಕು.

ಹಾಗಾಗಿ ಮೊದಲ ಕೆಲಸ, ಊರಲ್ಲಿರುವ ಎಎಸ್‌ಐ (ಕೇಂದ್ರದ ಪುರಾತತ್ವ ಇಲಾಖೆ) ಉಪವೃತ್ತದ ಕಚೇರಿಗೆ ಹೋಗಿ ಅಲ್ಲಿನ ಕನ್ಸರ್ವೇಶನ್ ಅಸಿಸ್ಟೆಂಟ್ ಹತ್ತಿರ ಅಧಿಸೂಚನೆ ಮತ್ತು ಗಡಿ ನಕ್ಷೆ ನೋಡೋದು. ಬಾಯಲ್ಲಿ ಕೇಳಿ ಬರಬೇಡಿ. ಅರ್ಜಿ ಬರೆದು, ಸ್ವೀಕೃತಿ ತಗೊಳ್ಳಿ. ಲೈಸೆನ್ಸ್ ಇರುವ ಸರ್ವೇಯರ್ ಕೈಲಿ ನಿಮ್ಮ ಸೈಟಿನ ನಾಲ್ಕೂ ಮೂಲೆ ಗುರುತು ಮಾಡಿಸಿ. ಇದಕ್ಕೆ ಖರ್ಚು ಮಾಡೋಕೆ ಜನ ಹಿಂದೇಟು ಹಾಕುತ್ತಾರೆ, ನನ್ನ ಪ್ರಕಾರ ಇಡೀ ವ್ಯವಹಾರದಲ್ಲಿ ಲಾಭ ತರುವ ಖರ್ಚು ಇದೊಂದೇ. ಒಂದು ಸಲ ಹೀಗೇ ಅಳೆಸಿದಾಗ ಉದ್ದನೆಯ ಸೈಟೊಂದರ ಮುಂಭಾಗ 94 ಮೀಟರಿನಲ್ಲಿ, ಹಿತ್ತಲು 112ರಲ್ಲಿ ಬಂತು. ಹಳೇ ಮನೆ ಹಾಗೇ ಉಳಿಸಿಕೊಂಡು ಹಿತ್ತಲಲ್ಲಿ ಎರಡು ಕೋಣೆಗೆ ಎನ್‌ಒಸಿ ಸಿಕ್ಕಿತು. ಅಳೆಸದೆ ಇದ್ದಿದ್ದರೆ ಅವರು ಆ ಆಸ್ತಿಯನ್ನು ಅರ್ಧ ರೇಟಿಗೆ ಕೊಟ್ಟು ಹೋಗುವವರಿದ್ದರು.

100ರ ಒಳಗೇ ಬಂತು ಅಂತಿಟ್ಟುಕೊಳ್ಳಿ. ಆಗ ಬೇಕಾಗೋದು, ಮನೆ 1992ಕ್ಕೆ ಮೊದಲೇ ಇತ್ತು ಅನ್ನೋದಕ್ಕೆ ಸಾಕ್ಷಿ. ತಾತನ ಕಾಲದ ಕ್ರಯಪತ್ರ, ಮನೆಯ ಷೆಡ್ಯೂಲ್ ಇರುವ ಪಾಲುಪಟ್ಟಿ, ಪುರಸಭೆಯ ಹಳೇ ಕಂದಾಯ ರಸೀದಿ, ಕರೆಂಟ್ ಬಿಲ್ಲು, ಏನಿದೆಯೋ ಎಲ್ಲ ತೆಗೆಯಿರಿ. ಟ್ರಂಕಿನ ತಳದಲ್ಲಿ ಗೆದ್ದಲು ಹಿಡಿದ ರಸೀದಿ ಕಟ್ಟು ಇರುತ್ತಲ್ಲ, ಅದನ್ನು ಯಾವತ್ತೂ ಬಿಸಾಡಬೇಡಿ. ಒಂದು ಮನೆಯವರ ಹತ್ತಿರ ಕಾಗದ ಏನೂ ಇರಲಿಲ್ಲ. ಕೊನೆಗೆ ಅತ್ತೆಯ ಮದುವೆ ಆಲ್ಬಂ ತೆಗೆದರು. ಚಪ್ಪರದ ಕೆಳಗೆ ಗಂಡು ಹೆಣ್ಣು, ಅವರ ಹಿಂದೆ ಜಗಲಿಯ ಕಂಬ, ಮೇಲೆ ನಾಡಹೆಂಚಿನ ಮಾಡು ಸ್ಪಷ್ಟವಾಗಿ ಬಿದ್ದಿತ್ತು. ಲಗ್ನಪತ್ರಿಕೆಯಲ್ಲಿ 1986 ಅಂತ ತಾರೀಕು. ಅದನ್ನೂ ಅರ್ಜಿಗೆ ಲಗತ್ತಿಸಿದೆವು. ಫೋಟೋ ಒಂದೇ ಸಾಲದು, ಆದರೆ ಕಂದಾಯದ ಹಳೇ ರಿಜಿಸ್ಟರಿನ ನಕಲು ಜೊತೆಗೆ ಸಿಕ್ಕಮೇಲೆ ಕೇಸು ಗಟ್ಟಿಯಾಯಿತು.

ಅರ್ಜಿ ಹೋಗೋದು ಸಕ್ಷಮ ಪ್ರಾಧಿಕಾರಕ್ಕೆ. ನಮ್ಮ ರಾಜ್ಯದಲ್ಲಿ ಅದು ಮೈಸೂರಿನಲ್ಲಿರುವ ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಯ ಆಯುಕ್ತರು. ಅವರು 15 ದಿನದಲ್ಲಿ ಅದನ್ನು ದೆಹಲಿಯ ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರಕ್ಕೆ ಕಳಿಸಬೇಕು, ಪ್ರಾಧಿಕಾರ ಎರಡು ತಿಂಗಳಲ್ಲಿ ಅಭಿಪ್ರಾಯ ಹೇಳಬೇಕು, ಅದು ಬಂದ ಒಂದು ತಿಂಗಳಲ್ಲಿ ಅನುಮತಿ ಇದೆಯೋ ಇಲ್ಲವೋ ಅಂತ ತಿಳಿಸಬೇಕು. ಲೆಕ್ಕಕ್ಕೆ ಮೂರೂವರೆ ತಿಂಗಳು. ಒಂದು ಫೋಟೋ ಮಸುಕಾಗಿದೆ, ಒಂದು ಅಳತೆ ನಕ್ಷೆಗೆ ಹೊಂದುತ್ತಿಲ್ಲ ಅಂತ ವಾಪಸ್ ಬಂದರೆ ಮತ್ತೆ ಮೊದಲಿಂದ. ಆದ್ದರಿಂದ ಮೊದಲನೇ ಸಲವೇ ಸರಿಯಾಗಿ ಕಳಿಸಿ. ಈಗ ಆನ್‌ಲೈನಿನಲ್ಲೇ ಹಾಕುವ ವ್ಯವಸ್ಥೆ ಇದೆ, ಮಧ್ಯವರ್ತಿ ಬೇಕಿಲ್ಲ. ಬ್ಯಾಂಕಿನವರು ಕೇಳಿದ್ದೂ ಇದನ್ನೇ. ಎನ್‌ಒಸಿ ಕೈಗೆ ಬಂದಮೇಲೆ ದುರಸ್ತಿ ಸಾಲಕ್ಕೆ ಕೇಳಿ ನೋಡಿ, ಹೊಸ ಮನೆಯ ಸಾಲದ ಆಸೆ ಬಿಡಿ.

ಅರ್ಜಿಯಲ್ಲಿ "ಮನೆ ರಿಪೇರಿ" ಅಂತ ಒಂದೇ ಸಾಲು ಬರೆದು ಕೈ ತೊಳೆದುಕೊಳ್ಳಬೇಡಿ. ಯಾವ ಗೋಡೆ, ಎಷ್ಟು ಅಡಿ, ಎಷ್ಟು ದಪ್ಪ, ಎಷ್ಟು ಜಂತೆ ಬದಲಾಯಿಸುತ್ತೀರಿ, ಎಲ್ಲ ಬರೆಯಿರಿ. ಅಮ್ಮನ ಶೌಚಾಲಯ ಇಲ್ಲೇ ಬರಬೇಕು. ಹೊರಗೆ ಹೊಸದಾಗಿ ಕಟ್ಟಿದರೆ ಅದು ನಿರ್ಮಾಣ. ಮನೆಯೊಳಗಿನ ಒಂದು ಕೋಣೆ, ನಿಮ್ಮಲ್ಲಿ ಉಗ್ರಾಣ ಇದ್ದರೆ ಅದನ್ನೇ, ಬಚ್ಚಲು ಶೌಚಾಲಯ ಮಾಡಿಕೊಂಡರೆ ಅದು ಇರುವ ಕಟ್ಟಡದೊಳಗಿನ ಬದಲಾವಣೆ. ನಕ್ಷೆಯಲ್ಲಿ ಗುರುತು ಮಾಡಿ, ಕಾರಣವನ್ನೂ ಬರೆಯಿರಿ. ಹೆಂಚು ತೆಗೆದು ಆರ್‌ಸಿಸಿ ಹಾಕಬಹುದಾ ಅಂತ ಎಲ್ಲರೂ ಕೇಳುತ್ತಾರೆ. ನಾನು ಬೇಡ ಅನ್ನುತ್ತೇನೆ. ಮಣ್ಣಿನ ಗೋಡೆ ಆ ಭಾರ ತಡೆಯೋದಿಲ್ಲ, ಆಗ ಪಿಲ್ಲರ್ ಬೇಕು, ಪಿಲ್ಲರಿಗೆ ಪಾಯ ಬೇಕು, ಅಷ್ಟೊತ್ತಿಗೆ ಅದು ದುರಸ್ತಿಯಾಗಿ ಉಳಿದಿರೋದಿಲ್ಲ, ನೋಡಿದವರು ಯಾರಾದರೂ ಹೊಸ ಕಟ್ಟಡ ಅಂತಲೇ ಹೇಳುತ್ತಾರೆ. ಒಳ್ಳೆ ಮರದ ಜಂತೆ, ರೀಪು, ಮಂಗಳೂರು ಹೆಂಚು ಹಾಕಿಸಿ, ಎತ್ತರ ಮಾತ್ರ ಹಳೆಯದೇ ಇರಲಿ.

ಆ ಉಬ್ಬಿದ ಗೋಡೆ ಬಗ್ಗೆ ಒಂದೆರಡು ಮಾತು, ಇದು ನನ್ನ ಇಷ್ಟದ ವಿಷಯ, ಸ್ವಲ್ಪ ಉದ್ದ ಆದರೆ ಸಹಿಸಿಕೊಳ್ಳಿ. ಮಣ್ಣಿನ ಗೋಡೆ ಸುಮ್ನೆ ಉಬ್ಬೋದಿಲ್ಲ. ಇತ್ತೀಚೆಗೆ ಯಾರಾದರೂ ಗೋಡೆಯ ಕೆಳಗೆ ಮೂರಡಿ ಸಿಮೆಂಟ್ ಪ್ಲಾಸ್ಟರ್ ಹೊಡೆಸಿದ್ದಾರಾ ನೋಡಿ. ತೇವ ತಡೆಯುತ್ತೆ ಅಂತ ಹೊಡೆಸುತ್ತಾರೆ, ಆಗೋದು ತಿರುಗುಮುರುಗು. ಮಣ್ಣು ಕೆಳಗಿನಿಂದ ನೀರು ಹೀರುತ್ತೆ, ಮೊದಲು ಗಾರೆಯ ಮೂಲಕ ಆರಿಹೋಗುತ್ತಿತ್ತು, ಈಗ ಸಿಮೆಂಟ್ ಬಾಯಿ ಮುಚ್ಚಿರೋದರಿಂದ ಒಳಗೇ ನಿಲ್ಲುತ್ತೆ. ಬೆರಳಿನಿಂದ ಪ್ಲಾಸ್ಟರ್ ತಟ್ಟಿ ನೋಡಿ, ಟೊಳ್ಳು ಶಬ್ದ ಬಂದರೆ ಒಳಗಿನ ಮಣ್ಣು ಹಿಟ್ಟಾಗಿದೆ ಅಂತ ಅರ್ಥ. ಇನ್ನೊಂದು ಕಾರಣ, ಬೀದಿಗೆ ಕಾಂಕ್ರೀಟ್ ಮೇಲೆ ಕಾಂಕ್ರೀಟ್ ಹಾಕಿ ರಸ್ತೆ ಎತ್ತರ ಆಗಿ, ನೀರು ಮನೆ ಕಡೆಗೇ ಇಳಿಯೋದು. ಪ್ಲಾಸ್ಟರ್ ಕೀಳಿಸಿ ಸುಣ್ಣದ ಗಾರೆ ಮಾಡಿಸೋದು, ನೀರಿಗೆ ದಾರಿ ಮಾಡೋದು, ಉಬ್ಬಿದ ಭಾಗವನ್ನು ಸ್ವಲ್ಪ ಸ್ವಲ್ಪವೇ ಬಿಚ್ಚಿ ಅದೇ ದಪ್ಪದಲ್ಲಿ ಕೂರಿಸಿಕೊಂಡು ಬರೋದು, ಇಷ್ಟರಲ್ಲೇ ಎಷ್ಟೋ ಮನೆ ಉಳಿದಿವೆ. ಈ ಕೆಲಸ ಬಲ್ಲ ಮೇಸ್ತ್ರಿಗಳು ಈಗ ಕಡಿಮೆ, ಹುಡುಕಬೇಕು.

ನಿಮ್ಮ ಮೇಸ್ತ್ರಿಯ ಶನಿವಾರ ಭಾನುವಾರದ ಯೋಜನೆಗೆ ಬರೋಣ. 100ರ ಒಳಗೆ ಅಕ್ರಮವಾಗಿ ಕಟ್ಟಿದರೆ ಎರಡು ವರ್ಷದ ತನಕ ಜೈಲು ಅಥವಾ ಒಂದು ಲಕ್ಷದ ತನಕ ದಂಡ, ಅಥವಾ ಎರಡೂ. ನಿಯಂತ್ರಿತ ಪ್ರದೇಶದಲ್ಲಿ ಅನುಮತಿ ಇಲ್ಲದೆ ಕಟ್ಟಿದರೂ ಅಷ್ಟೇ ಶಿಕ್ಷೆ. ಜೈಲಿಗಿಂತ ಜನರನ್ನು ಹಿಂಡೋದು ಅರ್ಧಕ್ಕೆ ನಿಂತ ಮನೆ. ನೋಟಿಸ್ ಬಂದು ಕೆಲಸ ನಿಲ್ಲುತ್ತೆ, ಸಾಲದ ಬಡ್ಡಿ ಓಡುತ್ತೆ, ಹಳೇ ಮನೆ ಹೋಗಿರುತ್ತೆ, ಹೊಸದಕ್ಕೆ ಮೇಲ್ಛಾವಣಿ ಇರೋದಿಲ್ಲ. ಮೇಸ್ತ್ರಿ ಅಷ್ಟೊತ್ತಿಗೆ ಬೇರೆ ಊರಲ್ಲಿ ಕೆಲಸ ಹಿಡಿದಿರುತ್ತಾನೆ.

ಎದುರು ಬೀದಿಯ ಮೂರಂತಸ್ತು? ಅದು 100 ಮೀಟರಿನ ಆಚೆ ಇರಬಹುದು, 1992ಕ್ಕೆ ಮೊದಲಿನದಿರಬಹುದು, ಮೊದಲು ಹೇಳಿದ ಆ ತಜ್ಞರ ಸಮಿತಿಯ ಕಾಲದಲ್ಲಿ ಅನುಮತಿ ಪಡೆದಿರಬಹುದು, ಅಥವಾ ಅಕ್ರಮವೇ ಇರಬಹುದು. ಪುರಸಭೆಯ ಲೈಸೆನ್ಸ್, ಕರೆಂಟ್ ಕನೆಕ್ಷನ್, ಖಾತೆ ಎಲ್ಲ ಇದ್ದ ಮಾತ್ರಕ್ಕೆ ಸಕ್ರಮ ಆಗೋದಿಲ್ಲ. ಅವರನ್ನು ನೋಡಿ ನೀವು ಕಟ್ಟಬೇಡಿ, "ಅವರದ್ದಿದೆ, ನನ್ನದಕ್ಕೇನು" ಅನ್ನೋ ವಾದ ಅಧಿಕಾರಿಯ ಮುಂದೆಯೂ ನಡೆಯೋದಿಲ್ಲ, ಕೋರ್ಟಿನಲ್ಲೂ ನಡೆಯೋದಿಲ್ಲ.

ಒಂದು ವೇಳೆ ಅಳತೆಯಲ್ಲಿ ನೀವು 100ರ ಆಚೆ ಬಂದರೆ ಮಹಡಿಯ ಆಸೆ ಇಟ್ಟುಕೊಳ್ಳಬಹುದು. ಅಲ್ಲೂ ಒಂದು ಎಡವಟ್ಟು ಆಗುತ್ತೆ. ಎನ್‌ಒಸಿಯಲ್ಲಿ ಬರೆಯುವ ಎತ್ತರ ಪ್ಯಾರಪೆಟ್, ಮೆಟ್ಟಿಲ ಕೋಣೆ, ನೀರಿನ ಟ್ಯಾಂಕ್ ಎಲ್ಲ ಸೇರಿಸಿ. ಸ್ಲ್ಯಾಬಿಗೇ ಆ ಎತ್ತರ ಮುಗಿಸಿ, ಮೇಲೆ ಟ್ಯಾಂಕ್ ಕೂರಿಸಿ ನೋಟಿಸ್ ತಗೊಂಡವರು ಇದ್ದಾರೆ.

ತಮ್ಮನ ಪಾಲಿನ ವಿಷಯ. ಈ ಕಾಯ್ದೆಯಲ್ಲಿ ಇಂಥ ಮನೆಯ ಮಾರಾಟಕ್ಕೆ ಅಡ್ಡಿ ಇಲ್ಲ. ಆದರೆ ಕೊಳ್ಳುವವರಿಂದ 100 ಮೀಟರ್ ಸಂಗತಿ ಮುಚ್ಚಿಡಬೇಡಿ, ಮುಚ್ಚಿಟ್ಟರೆ ಆಮೇಲೆ ಕೋರ್ಟು ಕಚೇರಿ ಅಲೆಯಬೇಕಾಗುತ್ತೆ. ಬೆಲೆ ಕಡಿಮೆ ಬರುತ್ತೆ, ಅದನ್ನು ಸಿಹಿ ಮಾತಲ್ಲಿ ಹೇಳೋದು ನನಗೆ ಬರಲ್ಲ. ಮಹಡಿ ಕಟ್ಟೋಕೆ ಆಗದ ಜಾಗಕ್ಕೆ ಮಹಡಿಯ ರೇಟು ಯಾರು ಕೊಡ್ತಾರೆ? ಈ ನಷ್ಟಕ್ಕೆ ಪರಿಹಾರ ಸಿಕ್ಕವರನ್ನೂ ನಾನು ನೋಡಿಲ್ಲ. ಊರಿನ ಹೆಮ್ಮೆ ಎಲ್ಲರದ್ದು, ಖರ್ಚು ಮಾತ್ರ ಪಕ್ಕದ ಮನೆಯವರದ್ದು ಅನ್ನೋ ನಿಮ್ಮಂಥವರ ಸಿಟ್ಟು ನ್ಯಾಯವಾದದ್ದೇ. ನನ್ನ ಸಲಹೆ, ಮಾಡು ಸೋರುವ ಸ್ಥಿತಿಯಲ್ಲಿ ಮಾರಬೇಡಿ. ಎನ್‌ಒಸಿ ತಗೊಂಡು ದುರಸ್ತಿ ಮಾಡಿದ ಮನೆಗೂ, ಬೀಳುವ ಹಾಗಿರುವ ಮನೆಗೂ ಬೆಲೆಯಲ್ಲಿ ತುಂಬಾ ಅಂತರ ಇರುತ್ತೆ. ಸಾಧ್ಯವಾದರೆ ತಮ್ಮನ ಪಾಲು ನೀವೇ ತಗೊಳ್ಳಿ. ಮನೆ ನಡುವೆ ಗೋಡೆ ಎಳೆದು ಭಾಗ ಮಾಡಿಕೊಂಡರೆ ಆ ಗೋಡೆಗೂ ಅನುಮತಿ ಬೇಕು ಅನ್ನೋದು ನೆನಪಿರಲಿ.

ಕಾನೂನು ಬದಲಾಗುತ್ತೆ, ಕಾಯೋಣ ಅಂತ ಕೆಲವರು ಹೇಳುತ್ತಾರೆ. ಸಾರ್ವಜನಿಕ ಕಾಮಗಾರಿಗೆ ವಿನಾಯಿತಿ ಕೊಡುವ ಮಸೂದೆಯನ್ನು 2018ರ ಜನವರಿಯಲ್ಲಿ ಲೋಕಸಭೆ ಒಪ್ಪಿತ್ತು, ರಾಜ್ಯಸಭೆಯಲ್ಲಿ ನಿಂತಿತು. 2023ರಲ್ಲಿ ಸಂಸದೀಯ ಸಮಿತಿಯೊಂದು 100 ಮತ್ತು 300 ಮೀಟರಿನ ಈ ಒಂದೇ ಅಳತೆ ಎಲ್ಲ ಸ್ಮಾರಕಕ್ಕೂ ಸರಿಯಲ್ಲ, ಜನರಿಗೆ ತೊಂದರೆ ಆಗುತ್ತಿದೆ ಅಂದಿತು. ನನಗೂ ಹಾಗೇ ಅನ್ನಿಸುತ್ತೆ, ದೊಡ್ಡ ಕೋಟೆಗೂ ಒಂಟಿ ವೀರಗಲ್ಲಿಗೂ ಒಂದೇ ಟೇಪು ಹಿಡಿಯೋದು ಯಾವ ಲೆಕ್ಕ. ಆದರೆ ನಿಮ್ಮ ಗೋಡೆ ಸಂಸತ್ತಿಗೆ ಕಾಯೋದಿಲ್ಲ.

ಇದೆಲ್ಲ ಕೇಂದ್ರದ ಸ್ಮಾರಕದ ಮಾತು. ಇದನ್ನು ಓದುವ ಬೇರೆ ಊರಿನವರು ತಮ್ಮೂರಿನ ಸ್ಮಾರಕ ಯಾರ ಸುಪರ್ದಿಯಲ್ಲಿದೆ ಅಂತ ಮೊದಲು ನೋಡಿಕೊಳ್ಳಿ. ರಾಜ್ಯದ ಸ್ಮಾರಕಗಳಿಗೆ 1961ರ ಬೇರೆ ಕಾಯ್ದೆ, ಹಂಪಿಗೆ 2002ರ ಅದರದ್ದೇ ಪ್ರಾಧಿಕಾರದ ಕಾಯ್ದೆ. ಒಂದರ ನಿಯಮ ಇನ್ನೊಂದಕ್ಕೆ ಹಚ್ಚಬೇಡಿ.

ನಿಮಗೆ ಈ ವಾರದ ಕೆಲಸ ಇಷ್ಟು. ಮನೆಯ ಫೋಟೋ ತೆಗೆಯಿರಿ, ಒಳಗೆ ಹೊರಗೆ, ನಾಲ್ಕೂ ಗೋಡೆ, ಮಾಡು, ತಾರೀಕು ಬೀಳುವ ಹಾಗೆ. ಉಬ್ಬಿದ ಗೋಡೆಯ ಮೇಲಿರುವ ತೊಲೆಗೆ ಕೆಳಗಿನಿಂದ ಎರಡು ಊರೆ ಕೊಡಿಸಿ, ಮಾಡಿನ ಮೇಲೆ ಟಾರ್ಪಲ್ ಹೊದಿಸಿ. ಇವೆರಡು ಕಟ್ಟುವ ಕೆಲಸ ಅಲ್ಲ, ಮನೆ ಬೀಳದ ಹಾಗೆ ತಡೆಯೋದು. ಅಮ್ಮನ ಮಂಚ ಆ ಗೋಡೆ ಪಕ್ಕ ಇದ್ದರೆ ಇವತ್ತೇ ಜರುಗಿಸಿ. ಹಿಂದಿನ ಚರಂಡಿ ಕಟ್ಟಿಕೊಂಡಿದ್ದರೆ ಬಿಡಿಸಿ, ಅದಕ್ಕೆ ಯಾರ ಎನ್‌ಒಸಿಯೂ ಬೇಡ.